ಮನೆಯ ಗಣಕಕ್ಕೆ ಎಷ್ಟು ಬೀಗ ಬೇಕು?

‘ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ದಿಡ್ಡಿ ಎಂದರೆ ಕೋಟೆಯ ಹೆಬ್ಬಾಗಿಲಲ್ಲ, ಬದಿಯಲ್ಲಿರುವ ಕಿರುಬಾಗಿಲು. ಹೆಬ್ಬಾಗಿಲಿಗೆ ಮೊಳೆ ಬಡಿದ ಕದ, ಅಗುಳಿ, ಕಾವಲು ಎಲ್ಲವೂ ಇರುತ್ತಿದ್ದವು. ಶತ್ರು ಹುಡುಕುತ್ತಿದ್ದುದು ಯಾರ ಗಮನವೂ ಇಲ್ಲದ ಜಾಗವನ್ನು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಮುಂದೆ ಬೀಡುಬಿಟ್ಟ ಹೈದರಾಲಿಯ ಸೈನಿಕರು ಬಂಡೆಗಳ ನಡುವಿನ ಒಂದು ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳಲು ನೋಡಿದರೆಂದೂ, ಕಾವಲಿನವನ ಹೆಂಡತಿ ಓಬವ್ವ ಒನಕೆ ಹಿಡಿದು ಅವರನ್ನು ತಡೆದಳೆಂದೂ ಪ್ರತೀತಿ ಇದೆ. ಆ ದಿನ ಕೋಟೆಯನ್ನು ಕಾದದ್ದು ಏಳು ಸುತ್ತಿನ ಗೋಡೆಯಲ್ಲ, ಸರಿಯಾದ ಜಾಗದಲ್ಲಿ ನಿಂತ ಒಬ್ಬ ಹೆಂಗಸು.

ಬಯಲುಸೀಮೆಯ ರೈತರಿಗೂ ಈ ಲೆಕ್ಕ ಗೊತ್ತಿತ್ತು. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಕಾರಣ ಹುಳು ಸಾಯುತ್ತಿತ್ತು. ಬಾಯಿ ಎಲ್ಲಿದೆಯೆಂದು ಹೊರಗಿನವರಿಗೆ ತಿಳಿಯದ ಕಾರಣ ಕಳ್ಳನೂ ದೂರ ಉಳಿಯುತ್ತಿದ್ದ. ಆದರೆ ಒಡವೆಯನ್ನು ಯಾರೂ ಹಗೇವಿಗೆ ಹಾಕಲಿಲ್ಲ. ದನಗಳಿಗೆ ಪೆಟ್ಟಿಗೆ ಮಾಡಿಸಲಿಲ್ಲ. ಏನನ್ನು ಕಾಯಬೇಕು, ಯಾರಿಂದ ಕಾಯಬೇಕು ಎಂಬುದನ್ನು ನೋಡಿ ಬಂದೋಬಸ್ತು ಮಾಡುತ್ತಿದ್ದರು.

ಇಂದು ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಂಥ ಊರಿನ ಮನೆಯೊಂದರಲ್ಲಿ ಗಣಕವಿದ್ದರೆ ಅದರೊಳಗೆ ಏನೇನಿರಬಹುದು? ಅಡಿಕೆ ಮಾರಿದ ಹಣ ಬಿದ್ದ ಬ್ಯಾಂಕ್ ಖಾತೆಗೆ ಹೋಗುವ ದಾರಿ, ಪಹಣಿಯ ಪ್ರತಿ, ಮಗಳ ಅಂಕಪಟ್ಟಿ, ತೀರಿಹೋದ ಅಜ್ಜನ ಫೋಟೊ. ಇಷ್ಟನ್ನು ಕಾಯಲು ಎಂಥ ರಕ್ಷಣೆ ಬೇಕು? ಅಂಗಡಿಯವರು ನಾಲ್ಕು ಬಗೆಯ ತಂತ್ರಾಂಶದ ಹೆಸರು ಹೇಳುತ್ತಾರೆ. ಪಕ್ಕದ ಮನೆಯ ಹುಡುಗ ಯಾವುದೂ ಬೇಡ ಎನ್ನುತ್ತಾನೆ. ಇಬ್ಬರ ಮಾತಿನಲ್ಲಿ ಯಾವುದು ಎಷ್ಟು ನಿಜವೆಂದು ತಿಳಿಯಲು ನಾಲ್ಕು ದಶಕಗಳ ಇತಿಹಾಸವನ್ನು ಒಮ್ಮೆ ತಿರುವಿ ನೋಡಬೇಕು.

ಬೀಗವಾಗಿ ಹುಟ್ಟಿದ ವೈರಸ್

ಐಬಿಎಂ ಮಾದರಿಯ ಗಣಕಗಳಲ್ಲಿ ಹರಡಿದ ಮೊದಲ ವೈರಸ್ ಎಂದು ಹೆಸರಾದದ್ದು ‘ಬ್ರೇನ್’. 1986ರಲ್ಲಿ ಅದನ್ನು ಬರೆದವರು ಲಾಹೋರಿನ ಇಬ್ಬರು ಸೋದರರು, ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ. ತಾವು ತಯಾರಿಸಿದ ವೈದ್ಯಕೀಯ ತಂತ್ರಾಂಶವನ್ನು ಜನ ಕಳ್ಳ ನಕಲು ಮಾಡದಿರಲಿ ಎಂಬುದು ಅವರ ಉದ್ದೇಶವಾಗಿತ್ತು. ವೈರಸ್ಸಿನೊಳಗೆ ತಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನೂ ಬರೆದಿದ್ದರು! ಕಳ್ಳನನ್ನು ತಡೆಯಲು ಮಾಡಿದ ಬೀಗ ತಾನೇ ಊರೂರು ಅಲೆಯತೊಡಗಿತು. ಫ್ಲಾಪಿಯಿಂದ ಫ್ಲಾಪಿಗೆ ಹಾರುತ್ತ ಅಮೆರಿಕದ ವಿಶ್ವವಿದ್ಯಾಲಯಗಳವರೆಗೂ ಅದು ತಲುಪಿತು.

1990ರಲ್ಲಿ ಭಾರತದಲ್ಲಿ ಪತ್ತೆಯಾದ ‘ಜೋಶಿ’ ವೈರಸ್ಸಿನದು ಇನ್ನೊಂದು ಬಗೆಯ ಚೇಷ್ಟೆ. ಜನವರಿ 5ರಂದು ಗಣಕ ತೆರೆದರೆ ಅದು ಸ್ತಬ್ಧವಾಗಿ ನಿಲ್ಲುತ್ತಿತ್ತು. ಜೋಶಿಗೆ ಇಂಗ್ಲಿಷಿನಲ್ಲಿ ಹುಟ್ಟುಹಬ್ಬದ ಶುಭಾಶಯ ಟೈಪ್ ಮಾಡಿದ ಮೇಲಷ್ಟೇ ಮುಂದಿನ ಕೆಲಸ. ಆ ದಿನಗಳಲ್ಲಿ ಗಣಕಕ್ಕೆ ಇದ್ದ ಒಂದೇ ಕಿಂಡಿಯೆಂದರೆ ಫ್ಲಾಪಿ. ಅಪರಿಚಿತ ಫ್ಲಾಪಿಯನ್ನು ತೂರಿಸದಿದ್ದರೆ ಬಹುಪಾಲು ಅಪಾಯ ತಪ್ಪಿದಂತೆಯೇ. ಪುಣೆಯಲ್ಲಿ ಕ್ಯಾಲ್ಕುಲೇಟರ್ ರಿಪೇರಿ ಮಾಡುತ್ತಿದ್ದ ಕೈಲಾಸ್ ಕಾಟ್ಕರ್ ಮತ್ತು ಅವರ ತಮ್ಮ ಸಂಜಯ್ ಈ ಫ್ಲಾಪಿ ಕಾಲದಲ್ಲೇ ವೈರಸ್ ತೆಗೆಯುವ ತಂತ್ರಾಂಶ ಬರೆದು, ಮುಂದೆ ‘ಕ್ವಿಕ್ ಹೀಲ್’ ಎಂಬ ದೊಡ್ಡ ಸಂಸ್ಥೆಯನ್ನೇ ಕಟ್ಟಿದರು.

ಭಯಕ್ಕೂ ಮಾರುಕಟ್ಟೆ ಇದೆಯೆಂದು ತಿಳಿದದ್ದು 1992ರಲ್ಲಿ. ಆ ವರ್ಷ ಮಾರ್ಚ್ 6ರಂದು ‘ಮೈಕೆಲೇಂಜೆಲೊ’ ವೈರಸ್ ಲಕ್ಷಾಂತರ ಗಣಕಗಳನ್ನು ಅಳಿಸಿಹಾಕುವುದೆಂದು ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ದೊಡ್ಡ ಗುಲ್ಲೆದ್ದಿತು. ವೈರಸ್ ನಿರೋಧಕ ತಂತ್ರಾಂಶಗಳು ಬಿಸಿದೋಸೆಯಂತೆ ಖರ್ಚಾದವು. ಆದರೆ ಹಾನಿ ಲಕ್ಷಗಳ ಲೆಕ್ಕಕ್ಕೆ ಹೋಗಲಿಲ್ಲ, ಸಾವಿರಗಳಲ್ಲೇ ನಿಂತಿತು. ಇದನ್ನು ಕಂಡು ‘ಎಲ್ಲವೂ ಬರೀ ಬೊಗಳೆ’ ಎಂದುಕೊಂಡವರೂ ಇದ್ದರು. ಅವರಿಗೆ ಉತ್ತರ ಸಿಕ್ಕಿದ್ದು 1999ರ ಏಪ್ರಿಲ್ 26ರಂದು. ತೈವಾನಿನ ವಿದ್ಯಾರ್ಥಿಯೊಬ್ಬ ಬರೆದ ‘ಸಿಐಎಚ್’ ವೈರಸ್ ಆ ದಿನ ಸ್ಫೋಟಿಸಿ ಏಷ್ಯದ ಹಲವು ದೇಶಗಳಲ್ಲಿ ಗಣಕಗಳ ಹಾರ್ಡ್ ಡಿಸ್ಕ್ ಅಳಿಸಿತು; ಕೆಲವು ಗಣಕಗಳು ಮತ್ತೆ ಆನ್ ಆಗದಂತೆಯೂ ಮಾಡಿತು. ಅದು ಹರಡಿದ ಮುಖ್ಯ ದಾರಿಗಳಲ್ಲೊಂದು ಕಳ್ಳ ನಕಲಿನ ತಂತ್ರಾಂಶ. ‘ಪುಕ್ಕಟೆ’ ಎಂದು ಹಾಕಿಸಿಕೊಂಡದ್ದಕ್ಕೆ ದುಬಾರಿ ಬೆಲೆ ತೆರಬೇಕಾಯಿತು.

ಬದಲಾದ ಬಾಗಿಲುಗಳು

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆಯಿತು. ಕ್ರಮೇಣ ಊರೂರಿಗೆ ಸೈಬರ್ ಕೆಫೆ ಬಂತು. ಗಣಕಕ್ಕೆ ಹೊಸ ಬಾಗಿಲು ಮೂಡಿತು; ಕಳ್ಳನೂ ಅಲ್ಲಿಗೇ ಬಂದ. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ ‘ಐ ಲವ್ ಯೂ’ ಎಂಬ ಇ-ಮೇಲ್ ಕೆಲವೇ ದಿನಗಳಲ್ಲಿ ಲಕ್ಷಾಂತರ ಗಣಕಗಳನ್ನು ಮುಟ್ಟಿತು. ಪರಿಚಿತರಿಂದ ಬಂದ ಪ್ರೇಮಪತ್ರವೆಂದು ಜನ ತೆರೆದರು. ಅದು ಫೋಟೊ ಫೈಲುಗಳನ್ನು ಹಾಳುಮಾಡಿ, ಅವರ ವಿಳಾಸ ಪುಸ್ತಕದಲ್ಲಿದ್ದವರಿಗೆಲ್ಲ ತಾನೇ ಹೋಯಿತು. ಅದನ್ನು ಬರೆದ ಯುವಕನಿಗೆ ಶಿಕ್ಷೆಯಾಗಲಿಲ್ಲ. ಅಂಥ ಕೃತ್ಯವನ್ನು ಅಪರಾಧವೆನ್ನುವ ಕಾನೂನೇ ಆಗ ಆ ದೇಶದಲ್ಲಿರಲಿಲ್ಲ. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಮರುವರ್ಷ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಬೆಂಗಳೂರಿನಲ್ಲಿ ಆರಂಭವಾಯಿತು.

2003ರ ಆಗಸ್ಟಿನ ‘ಬ್ಲಾಸ್ಟರ್’ ಹುಳುವಿಗೆ ಪ್ರೇಮಪತ್ರದ ನೆಪವೂ ಬೇಕಿರಲಿಲ್ಲ. ಗಣಕ ಇಂಟರ್‌ನೆಟ್ಟಿಗೆ ಜೋಡಣೆಯಾಗಿದ್ದರೆ ಸಾಕು, ವಿಂಡೋಸ್‌ನ ಒಂದು ದೋಷದ ಮೂಲಕ ತಾನೇ ಒಳಗೆ ನುಸುಳುತ್ತಿತ್ತು. ಆ ದೋಷವನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಹಿಂದಿನ ತಿಂಗಳೇ ಬಿಡುಗಡೆ ಮಾಡಿತ್ತು. ಹಾಕಿಕೊಳ್ಳದವರೇ ಹೆಚ್ಚು. ಈ ಪಾಠದ ನಂತರ, 2004ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್‌ನಲ್ಲಿ ಫೈರ್‌ವಾಲ್ ತಾನಾಗಿಯೇ ಚಾಲೂ ಇರುವಂತೆ ಮಾಡಲಾಯಿತು. 2008ರಲ್ಲಿ ಕಾಣಿಸಿದ ‘ಕಾನ್‌ಫಿಕರ್’ ಪೆನ್‌ಡ್ರೈವ್ ಮೂಲಕವೂ ಹರಡಿತು. ಹಳೆಯ ಫ್ಲಾಪಿಯ ಕಿಂಡಿ ಹೊಸ ರೂಪದಲ್ಲಿ ತೆರೆದುಕೊಂಡಿತ್ತು.

2017ರ ಮೇ 12ರಂದು ‘ವಾನ್ನಾಕ್ರೈ’ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಗಣಕಗಳ ಫೈಲುಗಳಿಗೆ ಬೀಗ ಜಡಿದು, ಬೀಗ ತೆಗೆಯಲು 300 ಡಾಲರ್ ಒತ್ತೆಹಣ ಕೇಳಿತು. ಇದಕ್ಕೂ ತೇಪೆ ಮಾರ್ಚ್ 14ರಂದೇ ಸಿದ್ಧವಾಗಿತ್ತು. ಎರಡು ಸಲವೂ ಸಿಕ್ಕಿಬಿದ್ದವರು ಹೆಚ್ಚಾಗಿ ತೇಪೆ ಹಾಕದವರೇ. ಫೈಲುಗಳ ಪ್ರತಿಯನ್ನು ಬೇರೆ ಕಡೆ ಇಟ್ಟವರು ಒಂದು ಪೈಸೆ ಕೊಡದೆ ಮತ್ತೆ ಕೆಲಸ ಶುರುಮಾಡಿದರು.

ಹೆಬ್ಬೆಟ್ಟಿನ ಎರಡು ಮುಖ

ರಕ್ಷಣೆಯನ್ನು ನಿರ್ಧರಿಸುವ ಮೊದಲು ‘ಕಳ್ಳ ಯಾರು?’ ಎಂದು ಕೇಳಬೇಕು. ಇದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ನಿದರ್ಶನವಿದೆ. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆ 2000ದ ಹೊತ್ತಿಗೆ ತಾಲ್ಲೂಕು ಕಚೇರಿಗಳಲ್ಲಿ ರೂಪ ತಳೆಯಿತು. ಅದಕ್ಕೂ ಮೊದಲು ಪಹಣಿ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿರುತ್ತಿತ್ತು. ತಿದ್ದಿದವರು ಯಾರೆಂದು ಹಿಡಿಯುವುದು ಸುಲಭವಿರಲಿಲ್ಲ. ಯೋಜನೆ ರೂಪಿಸಿದವರ ಮುಖ್ಯ ಚಿಂತೆ ಹೊರಗಿನ ವೈರಸ್ ಆಗಿರಲಿಲ್ಲ, ಒಳಗಿನ ತಿದ್ದುಪಡಿಯಾಗಿತ್ತು. ಆದ್ದರಿಂದ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಗಣಕ ತೆರೆಯಬೇಕೆಂದು ಮಾಡಿದರು. ‘ನನ್ನ ಪಾಸ್‌ವರ್ಡ್ ಬಳಸಿ ಬೇರೆ ಯಾರೋ ತಿದ್ದಿದರು’ ಎಂದು ಜಾರಿಕೊಳ್ಳಲು ದಾರಿ ಉಳಿಯಲಿಲ್ಲ. ಅಪಾಯ ಯಾವುದೋ ಬೀಗವೂ ಅದಕ್ಕೆ ತಕ್ಕದ್ದೇ.

ಆದರೆ ಎರಡು ದಶಕ ಕಳೆಯುವುದರಲ್ಲಿ ಅದೇ ಹೆಬ್ಬೆಟ್ಟು ಕಳ್ಳನ ಕೈಗೂ ಸಿಕ್ಕಿತು. ಆಸ್ತಿ ನೋಂದಣಿ ಪತ್ರಗಳ ಪ್ರತಿಯಲ್ಲಿದ್ದ ಬೆರಳ ಗುರುತು ಮತ್ತು ಆಧಾರ್ ಸಂಖ್ಯೆಯನ್ನು ಕದ್ದು, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆದ ಪ್ರಕರಣಗಳು 2023ರಲ್ಲಿ ರಾಜ್ಯದಲ್ಲಿ ಬೆಳಕಿಗೆ ಬಂದವು. ಹಣ ಕಳೆದುಕೊಂಡವರ ಮನೆಯ ಗಣಕದಲ್ಲಿ ಎಷ್ಟೇ ದುಬಾರಿ ತಂತ್ರಾಂಶವಿದ್ದರೂ ಅದು ತಡೆಯುತ್ತಿರಲಿಲ್ಲ. ಏಕೆಂದರೆ ಕಳ್ಳ ಆ ಮನೆಗೆ ಬಂದಿರಲೇ ಇಲ್ಲ. ಅಲ್ಲಿ ಬೇಕಾಗಿದ್ದ ಬೀಗ ಬೇರೆ: ಆಧಾರ್‌ನಲ್ಲಿ ಬೆರಳಚ್ಚಿನ ಬಳಕೆಗೆ ತಡೆ ಹಾಕುವ ‘ಬಯೋಮೆಟ್ರಿಕ್ ಲಾಕ್’. ಅದಕ್ಕೆ ಖರ್ಚಿಲ್ಲ, ಬೇಕಾದಾಗ ತೆರೆದು ಮತ್ತೆ ಮುಚ್ಚಬಹುದು.

ಈಚಿನ ವರ್ಷಗಳ ಕಳ್ಳನಂತೂ ಬಾಗಿಲು ತಟ್ಟಿ ಯಜಮಾನರನ್ನೇ ಬೀಗದಕೈ ಕೇಳುತ್ತಾನೆ. ಬ್ಯಾಂಕಿನವನೆಂದು ಹೇಳಿ ಒಟಿಪಿ ಪಡೆಯುತ್ತಾನೆ. ಮದುವೆ ಕರೆಯೋಲೆ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ‘ಎಪಿಕೆ’ ಫೈಲು ಕಳಿಸುತ್ತಾನೆ; ತೆರೆದು ಹಾಕಿಕೊಂಡರೆ ಫೋನಿನ ಹಿಡಿತ ಅವನ ಕೈಗೆ. 2000ದ ಪ್ರೇಮಪತ್ರದ ಜಾಗಕ್ಕೆ ಲಗ್ನಪತ್ರಿಕೆ ಬಂದಿದೆ, ಅಷ್ಟೆ. ಪೊಲೀಸ್ ವೇಷ ಹಾಕಿ ವಿಡಿಯೊ ಕರೆ ಮಾಡಿ ‘ಡಿಜಿಟಲ್ ಬಂಧನ’ ಎಂದು ಹೆದರಿಸುವವರೂ ಇದ್ದಾರೆ. ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲವೆಂದು 2024ರ ಅಕ್ಟೋಬರಿನ ಬಾನುಲಿ ಮಾತಿನಲ್ಲಿ ಪ್ರಧಾನಿಯವರೇ ಹೇಳಬೇಕಾಯಿತು.

ಹಾಗಾದರೆ ಬೇಕಾದುದೆಷ್ಟು?

ಇತಿಹಾಸದ ಈ ಸಾಲನ್ನು ನೋಡಿದರೆ ಮನೆಯ ಗಣಕಕ್ಕೆ ಬೇಕಾದ ರಕ್ಷಣೆಯ ಕ್ರಮ ತಾನಾಗಿಯೇ ಹೊಳೆಯುತ್ತದೆ. ಮೊದಲನೆಯದು ತೇಪೆ, ಅಂದರೆ ಅಪ್‌ಡೇಟ್. ಬ್ಲಾಸ್ಟರ್, ವಾನ್ನಾಕ್ರೈ ಎರಡೂ ಹೇಳಿದ ಮಾತು ಇದೇ. ಗಣಕ ಅಪ್‌ಡೇಟ್ ಕೇಳಿದಾಗ ‘ಆಮೇಲೆ’ ಎಂದು ಒತ್ತುವ ಅಭ್ಯಾಸವೇ ಇಂದಿನ ದಿಡ್ಡಿ ಬಾಗಿಲು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನೇ ಇಟ್ಟುಕೊಂಡವರು ಹೊಸ ಆವೃತ್ತಿಗೆ ಹೋಗುವುದೋ, ಬೇರೆ ಕಾರ್ಯಾಚರಣ ವ್ಯವಸ್ಥೆ ಹಾಕಿಸುವುದೋ ಎಂದು ಯೋಚಿಸಬೇಕು. ಕನಿಷ್ಠ ಪಕ್ಷ ಅದರಲ್ಲಿ ಬ್ಯಾಂಕ್ ವ್ಯವಹಾರ ಬಿಡುವುದು ಲೇಸು.

ಎರಡನೆಯದು ಪ್ರತಿ ಇಡುವುದು. ಫೋಟೊ, ಲೆಕ್ಕ, ಪತ್ರಗಳನ್ನು ಹೊರಗಿನ ಡಿಸ್ಕ್ ಒಂದಕ್ಕೆ ನಕಲಿಸಿ, ಡಿಸ್ಕನ್ನು ಗಣಕದಿಂದ ಬಿಚ್ಚಿ ಕಪಾಟಿನಲ್ಲಿಡಬೇಕು. ಜೋಡಿಸಿಯೇ ಬಿಟ್ಟರೆ ಒತ್ತೆಹಣದ ವೈರಸ್ ಅದಕ್ಕೂ ಬೀಗ ಹಾಕುತ್ತದೆ. ಮುಂದಿನ ವರ್ಷದ ಬಿತ್ತನೆ ಬೀಜವನ್ನು ಊಟದ ಕಾಳಿನಿಂದ ಬೇರೆಯಾಗಿಡುತ್ತಿದ್ದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು ವೈರಸ್ ನಿರೋಧಕ. 2012ರ ವಿಂಡೋಸ್ 8ರಿಂದೀಚೆಗೆ ಅದು ಗಣಕದೊಳಗೇ ಬರುತ್ತಿದೆ. ಅಪ್‌ಡೇಟ್ ಸರಿಯಾಗಿರುವ ಸಾಮಾನ್ಯ ಮನೆಬಳಕೆಗೆ ಅಷ್ಟು ಸಾಕಾಗುತ್ತದೆ. ಮನೆಯಲ್ಲೇ ವ್ಯಾಪಾರ ನಡೆಸುವವರು, ಹಲವರ ಪೆನ್‌ಡ್ರೈವ್ ಹಾಕಿಸಿಕೊಳ್ಳುವ ಡಿಟಿಪಿ ಅಂಗಡಿಯವರು ಇನ್ನೂ ಒಳ್ಳೆಯದನ್ನು ಕೊಂಡರೆ ಅದರಲ್ಲಿ ಅರ್ಥವಿದೆ. ಆದರೆ ಎರಡೆರಡು ತಂತ್ರಾಂಶಗಳನ್ನು ಒಟ್ಟಿಗೆ ಕಾವಲಿಗೆ ನಿಲ್ಲಿಸಬಾರದು. ಒಂದನ್ನೊಂದು ಕಳ್ಳನೆಂದು ಹಿಡಿದು ಗಣಕವೇ ತೆವಳತೊಡಗುತ್ತದೆ. ವೈರಸ್ ಹೊಕ್ಕಿದೆಯೆಂಬ ಅನುಮಾನವಿದ್ದವರಿಗೆ ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ ಶುಚಿಗೊಳಿಸುವ ಸಲಕರಣೆಗಳನ್ನು ಉಚಿತವಾಗಿ ಕೊಡುತ್ತದೆ.

ನಾಲ್ಕನೆಯದು ಪಾಸ್‌ವರ್ಡ್. ಅಂಕಿ, ಚಿಹ್ನೆ ಬೆರೆಸಿ, ಆಗಾಗ ಬದಲಿಸಬೇಕೆಂಬುದು ಹಳೆಯ ಉಪದೇಶ. 2003ರಲ್ಲಿ ಆ ಸಲಹೆಯನ್ನು ಬರೆದ ಅಮೆರಿಕದ ಬಿಲ್ ಬರ್ 2017ರಲ್ಲಿ ಅದರ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ಪದೇ ಪದೇ ಬದಲಿಸಬೇಕೆಂದರೆ ಜನ ಸುಲಭವಾಗಿ ಊಹಿಸಬಹುದಾದುದನ್ನೇ ಆರಿಸಿಕೊಳ್ಳುತ್ತಾರೆ. ಈಗಿನ ಸಲಹೆ ಹೀಗಿದೆ: ಉದ್ದವಾಗಿರಲಿ, ಒಂದೊಂದು ಕಡೆಗೆ ಒಂದೊಂದಿರಲಿ, ಜೊತೆಗೆ ಎರಡನೆಯ ತಪಾಸಣೆಯೂ ಇರಲಿ. ಊರಿನ ಹೆಸರು, ಮಗುವಿನ ಹುಟ್ಟಿದ ದಿನ ಬೇಡ. ನೆನಪಿಡಲು ಕಷ್ಟವೆನ್ನುವವರು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಟ್ಟರೂ ಅಡ್ಡಿಯಿಲ್ಲ. ದೂರದ ದೇಶದ ಕಳ್ಳನ ಕೈ ಬೀರುವಿಗೆ ಚಾಚದು. ಮನೆಯವರಿಂದಲೇ ಮುಚ್ಚಿಡಬೇಕಾದುದಿದ್ದರೆ ಮಾತ್ರ ಲೆಕ್ಕ ಬೇರೆ.

ಕೊನೆಯದು ಮನೆಯ ಮಂದಿ. ಯಾವ ಬ್ಯಾಂಕೂ ಒಟಿಪಿ ಕೇಳುವುದಿಲ್ಲ, ಯಾವ ಪೊಲೀಸರೂ ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ ಎಂದು ಮನೆಯಲ್ಲಿ ಒಬ್ಬನೇ ಫೋನ್ ಹಿಡಿದು ಕೂರುವ ತಾತನಿಗೂ ತಿಳಿದಿರಬೇಕು. ಮೋಸ ಹೋದ ಮೇಲೆ ಬೈಯುವ ಮನೆಯಲ್ಲಿ ಹಿರಿಯರು ವಿಷಯ ಮುಚ್ಚಿಡುತ್ತಾರೆ, ಅಷ್ಟರಲ್ಲಿ ಹಣ ಕೈಬದಲಾಗಿ ಹೋಗಿರುತ್ತದೆ. ಹಣ ಹೋಯಿತೆಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿದರೆ ಅದು ಮುಂದಿನ ಖಾತೆಯಲ್ಲೇ ತಡೆಹಿಡಿಯಲ್ಪಡುವ ಸಾಧ್ಯತೆ ಇರುತ್ತದೆ. ತಡವಾದಷ್ಟೂ ಆ ಸಾಧ್ಯತೆ ಕರಗುತ್ತದೆ.

ಈ ಐದರಲ್ಲಿ ದುಡ್ಡು ಕೊಟ್ಟು ತರಬೇಕಾದದ್ದು ಹೊರಗಿನ ಡಿಸ್ಕ್ ಒಂದೇ. ಉಳಿದುವಕ್ಕೆ ಒಂದು ಭಾನುವಾರದ ಬೆಳಗು ಸಾಕು. ಅಂಗಡಿಗೆ ಹೋಗುವ ಮೊದಲು ಮನೆಯವರೆಲ್ಲ ಕುಳಿತು, ಗಣಕದಲ್ಲಿ ಕಳೆದುಕೊಂಡರೆ ಮತ್ತೆ ಸಿಗದ್ದು ಏನಿದೆ, ಅದು ಯಾವ ದಾರಿಯಲ್ಲಿ ಹೋದೀತು ಎಂದು ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ಆ ಪಟ್ಟಿ ಕೈಯಲ್ಲಿದ್ದರೆ ಅಂಗಡಿಯವರು ತೋರಿಸುವ ನಾಲ್ಕರಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಹೇಳಲು ಬೇರೆಯವರನ್ನು ಕೇಳಬೇಕಾಗುವುದಿಲ್ಲ.