ಸಾಲ್ವಡಾರ್: ಡೋಲಿನ ಸದ್ದು, ಅಲಸಂದೆ ವಡೆಯ ಕಡಲೂರು

ಬೆಂಗಳೂರು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ ದೂರದಲ್ಲಿದೆ. ಅದೇ ವೃತ್ತದಿಂದ ದಕ್ಷಿಣಕ್ಕೆ ಸರಿಸುಮಾರು ಅಷ್ಟೇ ದೂರದಲ್ಲಿ, ಅಟ್ಲಾಂಟಿಕ್ ಸಾಗರದ ದಂಡೆಯ ಮೇಲೆ ಹರಡಿಕೊಂಡಿರುವ ನಗರ ಸಾಲ್ವಡಾರ್. ಇದು ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿರುವ ಬಹಿಯಾ ರಾಜ್ಯದ ರಾಜಧಾನಿ. ಬ್ರೆಜಿಲ್ ಎಂದೊಡನೆ ಬಹುತೇಕರಿಗೆ ನೆನಪಾಗುವುದು ರಿಯೊ ಡಿ ಜನೈರೊ. ಆದರೆ ರಿಯೊ ರಾಜಧಾನಿಯಾದದ್ದು 1763ರಲ್ಲಿ. ಅದಕ್ಕೂ ಮುನ್ನ ಎರಡು ಶತಮಾನಕ್ಕೂ ಹೆಚ್ಚು ಕಾಲ ಪೋರ್ಚುಗೀಸರ ಬ್ರೆಜಿಲ್ ಆಡಳಿತ ನಡೆದದ್ದು ಸಾಲ್ವಡಾರ್‌ನಿಂದ.

ಪೋರ್ಚುಗಲ್ ದೊರೆಯ ಆಜ್ಞೆಯಂತೆ ತೊಮೆ ದೆ ಸೌಜಾ 1549ರಲ್ಲಿ ಈ ನಗರವನ್ನು ಸ್ಥಾಪಿಸಿದ. ಸಕ್ಕರೆ ಮತ್ತು ತಂಬಾಕಿನ ವ್ಯಾಪಾರ ಇದನ್ನು ಶ್ರೀಮಂತಗೊಳಿಸಿತು. ಗದ್ದೆ, ಗಾಣ, ಬಂದರುಗಳಲ್ಲಿ ದುಡಿದವರು ಆಫ್ರಿಕಾದಿಂದ ಸರಪಳಿ ಬಿಗಿದು ತಂದ ಗುಲಾಮರು. ಇತಿಹಾಸಕಾರರ ಅಂದಾಜಿನಂತೆ ಹದಿನೈದು ಲಕ್ಷಕ್ಕೂ ಹೆಚ್ಚು ಆಫ್ರಿಕನ್ನರನ್ನು ಬಹಿಯಾದ ದಡದಲ್ಲಿ ಇಳಿಸಲಾಯಿತು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. 2022ರ ಜನಗಣತಿಯ ಪ್ರಕಾರ ನಗರದ ಜನಸಂಖ್ಯೆ ಸುಮಾರು 24 ಲಕ್ಷ. ಐವರಲ್ಲಿ ನಾಲ್ವರು ತಮ್ಮನ್ನು ಕಪ್ಪು ಅಥವಾ ಮಿಶ್ರ ವರ್ಣದವರೆಂದು ಗುರುತಿಸಿಕೊಳ್ಳುತ್ತಾರೆ. ಇಲ್ಲಿನ ಊಟ, ಹಾಡು, ಕುಣಿತ, ಹಬ್ಬ ಯಾವುದನ್ನು ನೋಡಿದರೂ ಅದರ ಹಿಂದೆ ಈ ಜನರ ಕೈ ಇದೆ. ಪ್ರವಾಸಿ ಇದನ್ನು ನೆನಪಿನಲ್ಲಿಟ್ಟುಕೊಂಡರೆ ನಗರ ತಾನಾಗಿಯೇ ಅರ್ಥವಾಗುತ್ತದೆ.

ಮೇಲೂರು, ಕೆಳಗಿನೂರು

ಸಾಲ್ವಡಾರ್ ಎರಡು ಅಂತಸ್ತಿನ ನಗರ. ಬಂದರು, ಮಳಿಗೆಗಳು ಕೆಳಗೆ. ಚರ್ಚುಗಳು, ಹಳೆಯ ಬಂಗಲೆಗಳು ಬೆಟ್ಟದ ಮೇಲೆ. ಎರಡನ್ನೂ ಜೋಡಿಸುವುದು 1873ರಲ್ಲಿ ಆರಂಭವಾದ ಲಸೆರ್ಡಾ ಲಿಫ್ಟ್. 72 ಮೀಟರ್ ಎತ್ತರದ ಈ ಲಿಫ್ಟ್ ಅರ್ಧ ನಿಮಿಷದೊಳಗೆ ಪ್ರಯಾಣಿಕರನ್ನು ಮೇಲಕ್ಕೆ ಮುಟ್ಟಿಸುತ್ತದೆ. ಕೆಳಗೆ ಇಳಿದೊಡನೆ ಎದುರಾಗುವುದು ಮೆರ್ಕಾದೊ ಮೊಡೆಲೊ. ಒಂದು ಕಾಲದ ಸುಂಕದ ಕಟ್ಟೆಯಾಗಿದ್ದ ಈ ಕಟ್ಟಡದಲ್ಲಿ ಈಗ ಕರಕುಶಲ ವಸ್ತುಗಳ ಮಾರುಕಟ್ಟೆ ಇದೆ.

ಮೇಲೂರಿನ ಪೆಲೋರಿನ್ಯೊ ಬಡಾವಣೆ ಪ್ರವಾಸಿಗರ ಮುಖ್ಯ ಆಕರ್ಷಣೆ. ಕಲ್ಲು ಹಾಸಿದ ಇಳಿಜಾರು ಬೀದಿಗಳು, ಹಳದಿ, ನೀಲಿ, ಗುಲಾಬಿ ಬಣ್ಣದ ಮನೆಗಳ ಸಾಲು ಎಂಥವರ ಕಣ್ಣನ್ನೂ ಸೆಳೆಯುತ್ತವೆ. ಪೆಲೋರಿನ್ಯೊ ಎಂಬ ಪದದ ಅರ್ಥ ಮಾತ್ರ ಚೆಲುವಾದುದಲ್ಲ. ಗುಲಾಮರನ್ನು ಕಟ್ಟಿ ಚಾಟಿಯಿಂದ ಹೊಡೆಯುತ್ತಿದ್ದ ಕಂಬಕ್ಕೆ ಆ ಹೆಸರು. ಯುನೆಸ್ಕೊ 1985ರಲ್ಲಿ ಈ ಹಳೆಯ ನಗರವನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. 1990ರ ದಶಕದಲ್ಲಿ ಸರ್ಕಾರ ಇದನ್ನು ಜೀರ್ಣೋದ್ಧಾರಗೊಳಿಸಿದಾಗ, ಪಾಳುಬಿದ್ದ ಮನೆಗಳಲ್ಲಿ ಬದುಕುತ್ತಿದ್ದ ಬಡ ಕುಟುಂಬಗಳಲ್ಲಿ ಬಹುಪಾಲು ಜಾಗ ಖಾಲಿ ಮಾಡಬೇಕಾಯಿತು. ಬೀದಿಗಳು ಅಂದವಾದವು, ಅಲ್ಲಿ ಬಾಳಿದವರು ಊರಂಚಿಗೆ ಸರಿದರು.

ಇದೇ ಇಳಿಜಾರಿನಲ್ಲಿರುವ ನೀಲಿ ಬಣ್ಣದ ಚರ್ಚ್ ಹೆಸರು ರೊಸಾರಿಯೊ ದೊಸ್ ಪ್ರೆತೊಸ್. ಬಿಳಿಯರ ಚರ್ಚುಗಳಲ್ಲಿ ಸಮಾನ ಸ್ಥಾನವಿಲ್ಲದ ಕಪ್ಪು ಜನರು ತಮ್ಮದೇ ಸಂಘ ಕಟ್ಟಿಕೊಂಡು, ದುಡಿಮೆಯ ನಡುವೆ ಸಿಕ್ಕ ಬಿಡುವಿನಲ್ಲಿ 18ನೇ ಶತಮಾನದ ಉದ್ದಕ್ಕೂ ಇದನ್ನು ಕಟ್ಟಿದರು. ಮಂಗಳವಾರ ಸಂಜೆಯ ಪ್ರಾರ್ಥನೆ ಇಲ್ಲಿ ಆಫ್ರಿಕನ್ ಡೋಲುಗಳೊಂದಿಗೆ ನಡೆಯುತ್ತದೆ.

ಒಳಾಂಗಣವೆಲ್ಲ ಚಿನ್ನದ ರೇಕಿನಿಂದ ಹೊಳೆಯುವ ಸಾವೊ ಫ್ರಾನ್ಸಿಸ್ಕೊ ಚರ್ಚ್ ಸಮೀಪದಲ್ಲೇ ಇದೆ. 2025ರ ಫೆಬ್ರವರಿಯಲ್ಲಿ ಇದರ ಚಾವಣಿಯ ಭಾಗ ಕುಸಿದು ಪ್ರವಾಸಿ ಮಹಿಳೆಯೊಬ್ಬರು ಮೃತಪಟ್ಟರು. ಆ ಬಳಿಕ ಚರ್ಚನ್ನು ಮುಚ್ಚಲಾಯಿತು. ಭೇಟಿಗೆ ಹೊರಡುವವರು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಕಡಲ ತೀರ ಮತ್ತು ಹರಕೆಯ ರಿಬ್ಬನ್

ಬ್ರೆಜಿಲ್‌ನ ಕರಾವಳಿ ಪೂರ್ವಕ್ಕೆ ಮುಖ ಮಾಡಿರುವುದರಿಂದ ಅಲ್ಲಿ ಕಡಲಿನಲ್ಲಿ ಸೂರ್ಯಾಸ್ತ ಕಾಣುವುದು ಅಪರೂಪ. ಕೊಲ್ಲಿಯ ಬಾಯಲ್ಲಿರುವ ಬಾರ್ರಾ ಪ್ರದೇಶ ಇದಕ್ಕೆ ಅಪವಾದ. ಹಳೆಯ ಕೋಟೆಯೊಳಗೆ ನಿಂತಿರುವ ಬಾರ್ರಾ ದೀಪಸ್ತಂಭದ ಸುತ್ತಲಿನ ಹುಲ್ಲುಹಾಸಿನಲ್ಲಿ ಸಂಜೆಯಾದೊಡನೆ ಜನ ಸೇರುತ್ತಾರೆ. ಪಕ್ಕದ ಪೊರ್ತೊ ದ ಬಾರ್ರಾ ತೀರದಲ್ಲಿ ಅಲೆಗಳು ಮೃದು. ಮಕ್ಕಳೊಂದಿಗೆ ಬಂದವರಿಗೆ ಹೇಳಿಮಾಡಿಸಿದ ಜಾಗ.

ನಗರದ ಉತ್ತರ ಭಾಗದ ಗುಡ್ಡದ ಮೇಲಿದೆ ಬೊನ್‌ಫಿಂ ಚರ್ಚ್. ಇದರ ಕಬ್ಬಿಣದ ಬೇಲಿಯ ತುಂಬ ಬಣ್ಣಬಣ್ಣದ ರಿಬ್ಬನ್‌ಗಳು. ಮೂರು ಗಂಟು ಹಾಕಿ, ಒಂದೊಂದು ಗಂಟಿಗೆ ಒಂದೊಂದು ಬಯಕೆ ನೆನೆದು ಕಟ್ಟುವುದು ರೂಢಿ. ಜನವರಿಯಲ್ಲಿ ಬಿಳಿ ಉಡುಪಿನ ಮಹಿಳೆಯರು ಕೆಳಗಿನೂರಿನಿಂದ ಸುಮಾರು 8 ಕಿ.ಮೀ. ನಡೆದುಬಂದು ಚರ್ಚಿನ ಮೆಟ್ಟಿಲುಗಳನ್ನು ಸುಗಂಧಜಲದಿಂದ ತೊಳೆಯುತ್ತಾರೆ. ಬೊನ್‌ಫಿಂನ ಯೇಸುವಿನಲ್ಲಿ ಅವರು ಒಶಾಲಾ ಎಂಬ ಆಫ್ರಿಕನ್ ದೈವವನ್ನೂ ಕಾಣುತ್ತಾರೆ. ಕಾಂದೊಂಬ್ಲೆ ಎಂಬ ಈ ಆಫ್ರಿಕನ್ ಮೂಲದ ಆರಾಧನಾ ಪಂಥಕ್ಕೆ ಬಹಿಯಾದಲ್ಲಿ 1976ರವರೆಗೂ ಪೊಲೀಸರ ಪರವಾನಗಿ ಬೇಕಿತ್ತು. ಈಗ ಫೆಬ್ರವರಿ 2ರಂದು ಕಡಲ ದೇವತೆ ಯೆಮಾಂಜಾಗೆ ಹೂವು, ಕನ್ನಡಿ, ಸುಗಂಧ ಅರ್ಪಿಸಲು ಇಡೀ ನಗರವೇ ತೀರಕ್ಕೆ ಬರುತ್ತದೆ.

ಬಾಣಲೆಯಿಂದ ಬದುಕು

ಸಾಲ್ವಡಾರ್‌ನ ಬೀದಿಗಳಲ್ಲಿ ಬಿಳಿ ಲಂಗ, ಬಿಳಿ ಮುಂಡಾಸು, ಮಣಿಸರ ಧರಿಸಿ ಬಾಣಲೆಯ ಮುಂದೆ ಕುಳಿತ ಮಹಿಳೆಯರಿಗೆ ‘ಬಹಿಯಾನಾ’ ಎಂಬ ಹೆಸರು. ಅವರು ಮಾರುವ ತಿಂಡಿ ಅಕರಾಜೆ. ಕರ್ನಾಟಕದವರಿಗೆ ಇದು ಪರಿಚಿತವೆನಿಸಿದರೆ ಅಚ್ಚರಿಯಿಲ್ಲ. ಅಲಸಂದೆ ಕಾಳನ್ನು ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಈರುಳ್ಳಿ ಮತ್ತು ಉಪ್ಪು ಸೇರಿಸಿ, ಹಿಟ್ಟು ಹಗುರಾಗುವವರೆಗೆ ಬಡಿದು ಕರಿಯುತ್ತಾರೆ. ಕರಿಯುವುದು ಕೆಂಬಣ್ಣದ ದೆಂದೆ ಎಂಬ ತಾಳೆ ಎಣ್ಣೆಯಲ್ಲಿ. ಬೆಂದ ವಡೆಯನ್ನು ಸೀಳಿ, ಗೋಡಂಬಿ, ಕಡಲೆಕಾಯಿ, ತೆಂಗಿನ ಹಾಲಿನ ವತಪಾ ಮುದ್ದೆ, ಬೆಂಡೆಕಾಯಿಯ ಕರುರು ಪಲ್ಯ, ಒಣ ಸೀಗಡಿ ತುಂಬಿ ಕೊಡುತ್ತಾರೆ. ಇದೇ ಹಿಟ್ಟನ್ನು ಬಾಳೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ ಅದು ಅಬರಾ; ನಮ್ಮ ಕಡುಬಿನ ದೂರದ ನೆಂಟ. ‘ಬಿಸಿಯಾಗಿ ಬೇಕೇ?’ ಎಂದು ಮಾರುವವಳು ಕೇಳಿದರೆ, ಆಕೆ ಕೇಳುತ್ತಿರುವುದು ಖಾರದ ಬಗ್ಗೆ.

ಅಕರಾಜೆ ಮೂಲತಃ ಬಿರುಗಾಳಿಯ ದೇವತೆ ಇಯಾನ್ಸಾಳ ನೈವೇದ್ಯ. ಗುಲಾಮಗಿರಿಯ ಕಾಲದಲ್ಲಿ ಇದನ್ನು ಮಾರಿ ಕೂಡಿಟ್ಟ ಕಾಸಿನಿಂದ ತಮ್ಮ ಬಿಡುಗಡೆಯನ್ನು ಕೊಂಡ ಮಹಿಳೆಯರೂ ಇದ್ದರು. 2005ರಲ್ಲಿ ಬ್ರೆಜಿಲ್ ಸರ್ಕಾರ ಬಹಿಯಾನಾಗಳ ಈ ಕಸುಬನ್ನು ರಾಷ್ಟ್ರೀಯ ಪರಂಪರೆಯಾಗಿ ದಾಖಲಿಸಿತು. ಆದರೂ 2014ರ ಫುಟ್‌ಬಾಲ್ ವಿಶ್ವಕಪ್‌ಗೆ ನಗರ ಸಜ್ಜಾಗುತ್ತಿದ್ದಾಗ, ಪ್ರಾಯೋಜಕರ ಹಿತ ಕಾಯುವ ನಿಯಮಗಳಿಂದಾಗಿ ಕ್ರೀಡಾಂಗಣದಲ್ಲಿ ಅಕರಾಜೆ ಮಾರುವ ಅವಕಾಶವೇ ತಪ್ಪುವ ಭೀತಿ ಎದುರಾಯಿತು. ಬಹಿಯಾನಾಗಳು ಸಹಿ ಸಂಗ್ರಹಿಸಿ ಪ್ರತಿಭಟಿಸಿದರು. 2013ರಲ್ಲಿ ಅನುಮತಿ ಪಡೆದರು.

ಕುಳಿತು ಊಟ ಮಾಡುವವರಿಗೆ ಮೊಕೆಕಾ ಇದೆ. ಮೀನು ಅಥವಾ ಸೀಗಡಿಯನ್ನು ಟೊಮೆಟೊ, ಕೊತ್ತಂಬರಿ, ತೆಂಗಿನ ಹಾಲು, ದೆಂದೆ ಎಣ್ಣೆಯಲ್ಲಿ ಮಣ್ಣಿನ ಮಡಕೆಯಲ್ಲಿ ಬೇಯಿಸುವ ಈ ಸಾರು ಕರಾವಳಿಯ ಮೀನು ಸಾರನ್ನು ನೆನಪಿಸುತ್ತದೆ. ಸಸ್ಯಾಹಾರಿಗಳು ಎಚ್ಚರ ವಹಿಸಬೇಕು: ವತಪಾ, ಕರುರು, ಅಬರಾ ಮೂರರಲ್ಲೂ ಸಾಮಾನ್ಯವಾಗಿ ಒಣ ಸೀಗಡಿ ಇರುತ್ತದೆ. ‘ಸೆಂ ಕಮರಾವೊ’, ಅಂದರೆ ಸೀಗಡಿ ಬೇಡ ಎಂಬ ಮಾತು ಕಲಿತಿರುವುದು ಲೇಸು.

ಮಾರುಕಟ್ಟೆಯಲ್ಲಿ ಹಲಸಿಗೆ ‘ಜಾಕ’, ಮಾವಿಗೆ ‘ಮಾಂಗ’ ಎನ್ನುತ್ತಾರೆ. ಹಣ್ಣುಗಳೂ ಹೆಸರುಗಳೂ ಭಾರತದ ಪಶ್ಚಿಮ ಕರಾವಳಿಯಿಂದ ಪೋರ್ಚುಗೀಸರೊಂದಿಗೆ ಹೋದವು. ಬದಲಿಗೆ ಬ್ರೆಜಿಲ್‌ನಿಂದ ಬಂದದ್ದು ಗೇರು. ಮಂಗಳೂರಿನ ಗೋಡಂಬಿಯ ತವರು ಈಶಾನ್ಯ ಬ್ರೆಜಿಲ್‌ನ ಕಡಲ ದಂಡೆ.

ರಾತ್ರಿಯ ನಗರ

ರಾತ್ರಿ ಜೀವನದ ಕೇಂದ್ರ ರಿಯೊ ವೆರ್ಮೆಲ್ಯೊ ಬಡಾವಣೆ. ಇಲ್ಲಿನ ಚೌಕಗಳಲ್ಲಿ ಬಯಲಲ್ಲೇ ಮೇಜು ಹಾಕಿ, ಅಕರಾಜೆಯೊಂದಿಗೆ ತಣ್ಣನೆಯ ಬಿಯರ್ ಹೀರುತ್ತ ಜನ ತಡರಾತ್ರಿಯವರೆಗೂ ಹರಟುತ್ತಾರೆ. ಪೆಲೋರಿನ್ಯೊದಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಡೋಲು ತಂಡಗಳ ತಾಲೀಮು ನೋಡಸಿಗುತ್ತದೆ. 1979ರಲ್ಲಿ ಆರಂಭವಾದ ಒಲೊಡುಮ್ ತಂಡದೊಂದಿಗೆ 1996ರಲ್ಲಿ ಮೈಕೆಲ್ ಜಾಕ್ಸನ್ ಇಲ್ಲಿ ಗೀತಚಿತ್ರಣ ನಡೆಸಿದರು. ಬೆರಿಂಬಾವ್ ಎಂಬ ಏಕತಂತಿ ವಾದ್ಯದ ಲಯಕ್ಕೆ ಆಡುವ ಕಪೊಯೆರಾ, ಕಾಳಗವೂ ಹೌದು, ನೃತ್ಯವೂ ಹೌದು. ಒಮ್ಮೆ ಕಾನೂನುಬಾಹಿರವಾಗಿದ್ದ ಈ ಕಲೆ 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬರುವ ಕಾರ್ನಿವಲ್ ವೇಳೆ ನಗರ ನಿದ್ರಿಸುವುದಿಲ್ಲ. ಧ್ವನಿವರ್ಧಕ ಹೊತ್ತ ಲಾರಿಗಳ ಮೇಲೆ ಗಾಯಕರು, ಹಿಂದೆ ಜನಸಾಗರ. 1950ರಲ್ಲಿ ದೊದೊ ಮತ್ತು ಒಸ್ಮಾರ್ ಎಂಬ ಗೆಳೆಯರು ಹಳೆಯ ಫೋರ್ಡ್ ಕಾರಿನ ಮೇಲೆ ವಾದ್ಯ ನುಡಿಸಿ ಆರಂಭಿಸಿದ ಪದ್ಧತಿ ಇದು. ಹಣ ಕೊಟ್ಟು ಅಂಗಿ ಕೊಂಡವರು ಹಗ್ಗದ ಒಳಗೆ ಕುಣಿಯುತ್ತಾರೆ. ಹಗ್ಗದ ಹೊರಗೆ ಪುಕ್ಕಟೆ ಕುಣಿಯುವವರನ್ನು ‘ಪಾಪ್‌ಕಾರ್ನ್’ ಎನ್ನುತ್ತಾರೆ. ದಿನಗೂಲಿಗೆ ಆ ಹಗ್ಗ ಹಿಡಿದು ನಡೆಯುವವರು ಹೆಚ್ಚಾಗಿ ಬಡ ಕಪ್ಪು ಜನರೇ.

ಈ ಮೆರವಣಿಗೆಯಲ್ಲಿ ಭಾರತೀಯರನ್ನು ನಿಲ್ಲಿಸಿ ನೋಡಿಸುವುದು ‘ಫಿಲ್ಯೊಸ್ ದೆ ಗಾಂಧಿ’, ಅಂದರೆ ಗಾಂಧಿಯ ಮಕ್ಕಳು. ಮಹಾತ್ಮನ ಹತ್ಯೆಯಾದ ಮರುವರ್ಷ, 1949ರಲ್ಲಿ, ಬಂದರಿನ ಹಮಾಲರು ಈ ತಂಡ ಕಟ್ಟಿದರು. ಸಾವಿರಾರು ಗಂಡಸರು ಬಿಳಿ ನಿಲುವಂಗಿ, ಬಿಳಿ ಮುಂಡಾಸು, ನೀಲಿ-ಬಿಳಿ ಮಣಿಸರ ತೊಟ್ಟು, ಕಾಂದೊಂಬ್ಲೆ ತಾಳಕ್ಕೆ ಶಾಂತಿಯ ಹೆಸರಿನಲ್ಲಿ ಹೆಜ್ಜೆ ಹಾಕುತ್ತಾರೆ.

ಹೋಗುವವರಿಗೆ

ಬೆಂಗಳೂರಿನಿಂದ ಸಾಲ್ವಡಾರ್‌ಗೆ ನೇರ ವಿಮಾನವಿಲ್ಲ. ಸಾವೊ ಪಾಲೊ ಮೂಲಕ ಹೋಗುವುದು ವಾಡಿಕೆ. ಭಾರತೀಯರಿಗೆ ವೀಸಾ ಬೇಕು. ಬ್ರೆಜಿಲ್‌ನಿಂದ ಭಾರತಕ್ಕೆ ಮರಳುವವರು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ತೋರಿಸಬೇಕಾಗುತ್ತದೆ. ಹೊರಡುವ ಮೊದಲೇ ಲಸಿಕೆ ಪಡೆಯುವುದು ಅಗತ್ಯ. ಗಡಿಯಾರ ನಮಗಿಂತ ಎಂಟೂವರೆ ಗಂಟೆ ಹಿಂದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೇಸಿಗೆ. ಏಪ್ರಿಲ್‌ನಿಂದ ಜುಲೈವರೆಗೆ ಮಳೆ ಹೆಚ್ಚು. ಕತ್ತಲಾದ ಮೇಲೆ ನಿರ್ಜನ ಬೀದಿಗಳಲ್ಲಿ ಒಬ್ಬರೇ ಓಡಾಡದೆ ಟ್ಯಾಕ್ಸಿ ಹಿಡಿಯುವುದು ಕ್ಷೇಮ. ಕೈಯಲ್ಲಿ ಒಂದಿಷ್ಟು ಚಿಲ್ಲರೆ ‘ರಿಯಾಲ್’ ಇರಲಿ. ಅಕರಾಜೆಯ ಬಾಣಲೆಯ ಮುಂದೆ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.