ಎರಡು ಗೆರೆಗಳ ಇತಿಹಾಸ: ಭಕ್ಷಕ–ಭಕ್ಷ್ಯ ರೇಖಾಚಿತ್ರವನ್ನು ಓದುವ ಬಗೆ

ಪ್ರೌಢಶಾಲೆಯ ಜೀವಶಾಸ್ತ್ರದಲ್ಲಿ ಭಕ್ಷಕ ಮತ್ತು ಭಕ್ಷ್ಯ ಪ್ರಾಣಿಗಳ ಸಂಬಂಧವನ್ನು ತಿಳಿಸುವ ರೇಖಾಚಿತ್ರವೊಂದುಂಟು. ಅಡ್ಡಗೆರೆಯ ಮೇಲೆ ವರ್ಷಗಳು, ನೆಟ್ಟಗೆರೆಯ ಮೇಲೆ ಪ್ರಾಣಿಗಳ ಸಂಖ್ಯೆ. ನಡುವೆ ಎರಡು ಅಲೆಗಳು. ಮೊಲಗಳು ಹೆಚ್ಚಿದಾಗ ಅವನ್ನು ತಿಂದು ಬದುಕುವ ಲಿಂಕ್ಸ್ ಎಂಬ ಕಾಡುಬೆಕ್ಕು ತುಸು ತಡವಾಗಿ ಹೆಚ್ಚುತ್ತದೆ. ಬೆಕ್ಕು ಹೆಚ್ಚಿದಾಗ ಮೊಲ ಇಳಿಯುತ್ತದೆ. ಆಹಾರವಿಳಿದ ಮೇಲೆ ಬೆಕ್ಕೂ ಇಳಿಯುತ್ತದೆ. ಠಾಣೆಯ ನೌಪಾಡಾದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಕಲಿಯುವ ಪಾಠವಿದು. ಆದರೆ ಅದೇ ನೌಪಾಡಾದಿಂದ ಕೆಲವೇ ಮೈಲಿಗಳಾಚೆ ಯೇವೂರು ಬೆಟ್ಟಗಳಲ್ಲಿ ಚಿರತೆಗಳಿವೆ. 2019ರ ಫೆಬ್ರವರಿ 20ರಂದು ಒಂದು ಚಿರತೆ ಠಾಣೆ ನಗರದ ವಾಣಿಜ್ಯ ಸಂಕೀರ್ಣವೊಂದನ್ನೇ ಹೊಕ್ಕಿತು. ಪಠ್ಯದ ಎರಡು ಅಲೆಗಳು ಈ ಚಿರತೆಗೆ ಅನ್ವಯಿಸುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ, ಆ ಅಲೆಗಳು ಎಲ್ಲಿಂದ ಬಂದವೆಂಬುದನ್ನು ಮೊದಲು ತಿಳಿಯಬೇಕು.

ಅವು ಬಂದುದು ವ್ಯಾಪಾರದ ಖಾತೆ-ಕಿರ್ದಿಗಳಿಂದ. 1670ರಲ್ಲಿ ಸ್ಥಾಪಿತವಾದ ಹಡ್ಸನ್ಸ್ ಬೇ ಕಂಪನಿಯು ಕೆನಡಾದ ಬೇಡರಿಂದ ತುಪ್ಪುಳಿನ ಚರ್ಮಗಳನ್ನು ಕೊಳ್ಳುತ್ತಿತ್ತು. ವರ್ಷವರ್ಷದ ಚರ್ಮಗಳ ಲೆಕ್ಕದಲ್ಲಿ ಸುಮಾರು ಹತ್ತು ವರ್ಷಗಳ ಏರಿಳಿತವಿರುವುದನ್ನು ಆಕ್ಸ್‌ಫರ್ಡಿನ ಚಾರ್ಲ್ಸ್ ಎಲ್ಟನ್ ಗುರುತಿಸಿದರು. 1942ರಲ್ಲಿ ಅವರೂ ಮೇರಿ ನಿಕಲ್ಸನ್ನರೂ ಲಿಂಕ್ಸ್‌ನ ಹತ್ತು ವರ್ಷದ ಚಕ್ರವನ್ನು ವಿಸ್ತಾರವಾಗಿ ವಿವರಿಸಿದರು. ಇದಕ್ಕೆ ಮುನ್ನ, 1937ರಲ್ಲಿ, ಮ್ಯಾಕ್‌ಲೂಲಿಕ್ ಎಂಬ ಕೆನಡಾದ ವಿದ್ವಾಂಸರು ಮೊಲದ ಗೆರೆಯನ್ನೂ ಲಿಂಕ್ಸ್‌ನ ಗೆರೆಯನ್ನೂ ಒಂದೇ ಚಿತ್ರದಲ್ಲಿ ಕೂಡಿಸಿದ್ದರು. ಯೂಜೀನ್ ಓಡಮ್ ಅವರ ಪ್ರಸಿದ್ಧ ಪರಿಸರಶಾಸ್ತ್ರ ಗ್ರಂಥವು 1953ರಲ್ಲಿ ಹೊರಬಂದ ಮೇಲೆ ಆ ಚಿತ್ರವು ಪಠ್ಯಪುಸ್ತಕಗಳ ಸ್ಥಿರಾಸ್ತಿಯಾಯಿತು.

ಇದೇ ಕಾಲಕ್ಕೆ ಗಣಿತವೂ ಬೇರೆ ದಾರಿಯಿಂದ ಅಲ್ಲಿಗೇ ಬಂದಿತ್ತು. ಇಟಲಿಯ ಉಂಬೆರ್ತೊ ದಾಂಕೋನಾ ಎಂಬ ಪ್ರಾಣಿಶಾಸ್ತ್ರಜ್ಞರು ಟ್ರಿಯೆಸ್ಟ್, ಫ್ಯೂಮೆ, ವೆನಿಸ್ ಪಟ್ಟಣಗಳ ಮೀನು ಮಾರುಕಟ್ಟೆಗಳ 1910ರಿಂದ 1923ರವರೆಗಿನ ಲೆಕ್ಕಗಳನ್ನು ಪರಿಶೀಲಿಸಿದರು. ಮೊದಲನೆಯ ಮಹಾಯುದ್ಧದ ನಿಮಿತ್ತ ಮೀನುಗಾರಿಕೆ ತಗ್ಗಿದ್ದ ವರ್ಷಗಳಲ್ಲಿ ಶಾರ್ಕ್ ಮೊದಲಾದ ಭಕ್ಷಕ ಮೀನುಗಳ ಪಾಲು ಹೆಚ್ಚಿತ್ತು. ಕಾರಣವನ್ನು ಅರಸಿದ ಅವರ ಮಾವ ವೀತೊ ವೋಲ್ಟೆರಾ 1926ರಲ್ಲಿ ಎರಡು ಸಮೀಕರಣಗಳನ್ನು ರಚಿಸಿದರು. ಅಮೆರಿಕೆಯ ಆಲ್ಫ್ರೆಡ್ ಲೋಟ್ಕಾ ಅಂಥವನ್ನೇ ಸ್ವತಂತ್ರವಾಗಿ ಕಂಡುಕೊಂಡಿದ್ದರು. ಸಮೀಕರಣವೂ ಅಲೆಯನ್ನೇ ಕೊಟ್ಟಿತು. ಚರ್ಮದ ಲೆಕ್ಕವೂ ಅಲೆಯನ್ನೇ ತೋರಿತು. ಎರಡೂ ಒಂದನ್ನೊಂದು ಸಮರ್ಥಿಸಿದಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಚರ್ಮದ ಲೆಕ್ಕವು ಕಾಡಿನ ಗಣತಿಯಾಗಲಾರದು. ಮೊಲದ ಅಂಕಿಗಳೂ ಲಿಂಕ್ಸ್‌ನ ಅಂಕಿಗಳೂ ಒಂದೇ ಪ್ರದೇಶದವಲ್ಲ. 1903ರ ಅನಂತರದ ಮೊಲದ ಅಂಕಿಗಳು ಪ್ರಶ್ನಾವಳಿಗಳಿಂದ ಪಡೆದವು. 1973ರಲ್ಲಿ ಮೈಕೇಲ್ ಗಿಲ್ಪಿನ್ ಈ ಗೆರೆಗಳನ್ನು ಮತ್ತೆ ಅಳೆದಾಗ, ಕೆಲವು ದಶಕಗಳಲ್ಲಿ ಲಿಂಕ್ಸ್‌ನ ಶಿಖರವೇ ಮೊಲದ ಶಿಖರಕ್ಕಿಂತ ಮುಂದಿರುವುದು ಕಂಡಿತು. ಗೆರೆಯನ್ನು ಅಕ್ಷರಶಃ ನಂಬಿದರೆ ಮೊಲವೇ ಲಿಂಕ್ಸನ್ನು ತಿನ್ನುತ್ತದೆಂದು ಹೇಳಬೇಕಾಗುತ್ತದೆ! ಬಲೆ ಒಡ್ಡುವ ಮನುಷ್ಯನ ನಡೆಯೂ ಆ ಗೆರೆಯಲ್ಲಿ ಸೇರಿರಬಹುದೆಂಬ ಸಂದೇಹ ಅಲ್ಲಿ ಹುಟ್ಟಿತು. ಮುಂದೆ ಚಾರ್ಲ್ಸ್ ಕ್ರೆಬ್ಸ್ ಮತ್ತು ಸಂಗಡಿಗರು ಕೆನಡಾದ ಕ್ಲುವೇನ್ ಪ್ರದೇಶದಲ್ಲಿ 1986ರಿಂದ 1994ರವರೆಗೆ ಪ್ರಯೋಗ ನಡೆಸಿದರು. ಭಕ್ಷಕಗಳನ್ನು ಹೊರಗಿಟ್ಟಲ್ಲಿಯೂ ಮೇವು ಕೊಟ್ಟಲ್ಲಿಯೂ ಮೊಲಗಳು ಎರಡು–ಮೂರು ಪಟ್ಟು ಹೆಚ್ಚಿದವು. ಎರಡನ್ನೂ ಕೂಡಿಸಿದಲ್ಲಿ ಹನ್ನೊಂದು ಪಟ್ಟು. ಚಿತ್ರದಲ್ಲಿ ಕಾಣದ ಮೂರನೆಯ ಗೆರೆ, ಎಂದರೆ ಮೇವು, ಹೀಗೆ ಬೆಳಕಿಗೆ ಬಂದಿತು.

ಖಾತೆ-ಕಿರ್ದಿಯನ್ನು ಬಿಟ್ಟು ಕಾಡಿನಲ್ಲಿಯೇ ಎಣಿಸುವ ಕೆಲಸಕ್ಕೆ ಕನ್ನಡನಾಡಿನ ನಾಗರಹೊಳೆ ಹೆಸರಾಯಿತು. ಶಿವರಾಮ ಕಾರಂತರ ಪುತ್ರ ಉಲ್ಲಾಸ ಕಾರಂತರು ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಬಲ್ಲ ಛಾಯಾಚಿತ್ರ ವಿಧಾನವನ್ನು ಅಲ್ಲಿ ಬಳಸಿ, 1991–2000ರ ಅವಧಿಯಲ್ಲಿ 74 ಹುಲಿಗಳನ್ನು ಗುರುತಿಸಿದರು. 2004ರಲ್ಲಿ ಅವರು ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಲೇಖನದಲ್ಲಿ ಭಾರತದ 11 ಪ್ರದೇಶಗಳ ಹುಲಿಗಳನ್ನೂ ಜಿಂಕೆ, ಕಡವೆ, ಕಾಟಿ ಮೊದಲಾದ ಭಕ್ಷ್ಯಗಳನ್ನೂ ಹೋಲಿಸಿದ್ದಾರೆ. ಈ ರೇಖಾಚಿತ್ರದಲ್ಲಿ ಕಾಲವೇ ಇಲ್ಲ: ಅಡ್ಡಗೆರೆಯಲ್ಲಿ ಭಕ್ಷ್ಯಗಳ ಸಾಂದ್ರತೆ, ನೆಟ್ಟಗೆರೆಯಲ್ಲಿ ಹುಲಿಗಳ ಸಾಂದ್ರತೆ, ಒಂದೊಂದು ಕಾಡಿಗೆ ಒಂದೊಂದು ಚುಕ್ಕೆ. ಹುಲಿಗಳು ವರ್ಷಕ್ಕೆ ಭಕ್ಷ್ಯಗಳ ಸುಮಾರು ಹತ್ತರಲ್ಲೊಂದು ಪಾಲನ್ನು ಹಿಡಿಯುತ್ತವೆಂಬ ಆಧಾರದ ಮೇಲೆ, ಭಕ್ಷ್ಯ ಹೆಚ್ಚಿದ ಕಾಡಿನಲ್ಲಿ ಹುಲಿಯೂ ಹೆಚ್ಚೆಂದು ಗೆರೆ ಏರುತ್ತದೆ. ಅಲೆಯನ್ನು ಇಲ್ಲಿ ಹುಡುಕುವ ವಿದ್ಯಾರ್ಥಿ ಗೆರೆಗಳ ಹೆಸರನ್ನೇ ಓದಲಿಲ್ಲವೆಂದು ತಿಳಿಯತಕ್ಕದ್ದು.

ಈಗ ಯೇವೂರಿನ ಚಿರತೆಯತ್ತ ಮರಳಬಹುದು. 2004ರ ಜೂನ್ ತಿಂಗಳಲ್ಲಿ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಸುತ್ತ ಚಿರತೆಗಳ ದಾಳಿಯಿಂದ ಹಲವರು ಪ್ರಾಣ ಕಳೆದುಕೊಂಡರು. ಕಾಡಿನಲ್ಲಿ ಆಹಾರ ಕಡಿಮೆಯಾಗಿದೆ, ಹಂದಿ ಮೊಲಗಳನ್ನು ಬಿಡಬೇಕು ಎಂಬ ಮಾತು ಆಗ ಕೇಳಿಬಂತು. ಇದು ಎರಡು ಗೆರೆಗಳ ಚಿತ್ರದಿಂದಲೇ ಹೊರಡುವ ತರ್ಕ. ಚಿರತೆ ಹೆಚ್ಚಾದಲ್ಲಿಂದ ಹಿಡಿದು ಬೇರೆಡೆಗೆ ಬಿಡುವುದೂ ಅದೇ ತರ್ಕದ ಇನ್ನೊಂದು ಮುಖ. ಆದರೆ ಪುಣೆ ಜಿಲ್ಲೆಯ ಜುನ್ನರದ ಅನುಭವವನ್ನು ವಿದ್ಯಾ ಅತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದಾಗ, ಚಿರತೆಗಳ ಸ್ಥಳಾಂತರದ ತರುವಾಯ ಮನುಷ್ಯರ ಮೇಲಣ ದಾಳಿಗಳು ಹಲವು ಪಟ್ಟು ಹೆಚ್ಚಿದ್ದುವೆಂದು ತಿಳಿದುಬಂತು. ತಪ್ಪಾಗಿ ಓದಿದ ಗೆರೆಯ ಬೆಲೆಯನ್ನು ಮನುಷ್ಯರೇ ತೆರಬೇಕಾಯಿತು.

2015ರ ಅಧ್ಯಯನವೊಂದು ಈ ಉದ್ಯಾನದಲ್ಲಿಯೂ ಅದರ ಅಂಚಿನಲ್ಲಿಯೂ 35 ಚಿರತೆಗಳನ್ನು ಗುರುತಿಸಿತು. ಅವುಗಳ ಆಹಾರದಲ್ಲಿ ಸುಮಾರು ಕಾಲುಭಾಗ ನಾಯಿಗಳದು. ಬೀದಿನಾಯಿಗಳು ಬದುಕುವುದು ನಗರದ ಕಸದ ಮೇಲೆ. ಚಿರತೆ ತಿಂದಷ್ಟನ್ನು ಕಸವು ಮತ್ತೆ ತುಂಬಿಕೊಡುವುದರಿಂದ, ಕೆನಡಾದ ಮೊಲದಂತೆ ಇಲ್ಲಿನ ಭಕ್ಷ್ಯವು ಇಳಿಯಬೇಕಾದ ನಿರ್ಬಂಧವಿಲ್ಲ. ಇಲ್ಲಿ ಮೂರನೆಯ ಗೆರೆಯನ್ನು ಎಳೆಯುತ್ತಿರುವವರು ನಗರವಾಸಿಗಳೇ.

ಆದುದರಿಂದ ಎರಡು ಅಲೆಗಳ ಪಾಠವನ್ನು ತ್ಯಜಿಸಬೇಕಾಗಿಲ್ಲ. ಅದನ್ನು ಕಲಿಸುವಾಗ ಯಾರು ಎಣಿಸಿದರು, ಏನನ್ನು ಎಣಿಸಿದರು, ಎಲ್ಲಿ ಎಣಿಸಿದರು, ಯಾವ ಗೆರೆ ಬಿಟ್ಟುಹೋಗಿದೆ ಎಂಬ ನಾಲ್ಕು ಪ್ರಶ್ನೆಗಳನ್ನೂ ಜೊತೆಗೆ ಕಲಿಸಿದರೆ ಸಾಕು. ನೌಪಾಡಾದ ವಿದ್ಯಾರ್ಥಿಗೆ ನಾಲ್ಕನೆಯ ಪ್ರಶ್ನೆಯ ಉತ್ತರವು ತನ್ನ ಬೀದಿಯ ಕಸದ ತೊಟ್ಟಿಯಲ್ಲಿಯೇ ಸಿಕ್ಕೀತು.