ಗುದನಾಳದ ಕೆಳತುದಿಯ ಕ್ಯಾನ್ಸರ್: ಶಸ್ತ್ರಚಿಕಿತ್ಸೆ ನಡೆದುಬಂದ ದಾರಿ ಮತ್ತು ಕೋಲಾರದ ರೋಗಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮಲದಲ್ಲಿ ರಕ್ತ ಕಂಡರೆ ಮೊದಲು ಬಾಯಿಗೆ ಬರುವ ಹೆಸರು ಮೂಲವ್ಯಾಧಿ. ಬಹಳ ಸಲ ಅದು ನಿಜವೂ ಹೌದು. ಆದರೆ ಗುದನಾಳದ ಕೆಳತುದಿಯಲ್ಲಿ, ಅಂದರೆ ಗುದದ್ವಾರದಿಂದ ಐದಾರು ಸೆಂಟಿಮೀಟರ್ ಒಳಗೆ ಹುಟ್ಟುವ ಕ್ಯಾನ್ಸರ್‌ಗೂ ಮೊದಲ ಗುರುತು ಅದೇ ರಕ್ತ. ಈ ಕಾಯಿಲೆಯ ಶಸ್ತ್ರಚಿಕಿತ್ಸೆ ಒಂದು ಶತಮಾನದಲ್ಲಿ ಬಹಳ ದೂರ ಬಂದಿದೆ. ಹೊಟ್ಟೆ ಸೀಳುತ್ತಿದ್ದ ಕಡೆ ಈಗ ನಾಲ್ಕೈದು ಸಣ್ಣ ತೂತುಗಳು ಸಾಕು. ಆದರೂ ರೋಗಿಗೆ ನಿಜವಾಗಿ ಲಾಭವಾದದ್ದು ದೇಹರಚನೆಯ ತಿಳಿವಳಿಕೆ ಸೂಕ್ಷ್ಮವಾದದ್ದರಿಂದ. ಉಪಕರಣಗಳು ಆ ತಿಳಿವಳಿಕೆಯ ಹಿಂದೆ ಬಂದವು.

ಕೆಳತುದಿ ಯಾಕೆ ಕಷ್ಟ

ಗುದನಾಳದ ಉದ್ದ ಸುಮಾರು 15 ಸೆಂ.ಮೀ. ಅದರ ಕೆಳಭಾಗ ಸೊಂಟದ ಮೂಳೆಗಳ ನಡುವಿನ ಇಕ್ಕಟ್ಟಿನಲ್ಲಿದೆ. ಮುಂದೆ ಗಂಡಸರಲ್ಲಿ ಪ್ರಾಸ್ಟೇಟ್, ಹೆಂಗಸರಲ್ಲಿ ಯೋನಿ. ಅಕ್ಕಪಕ್ಕದಲ್ಲಿ ಮೂತ್ರಕ್ಕೂ ಲೈಂಗಿಕ ಕ್ರಿಯೆಗೂ ಬೇಕಾದ ನರಗಳು. ಕೆಳಗೆ ಮಲವನ್ನು ತಡೆದು ಹಿಡಿಯುವ ಸ್ನಾಯು. ಗಡ್ಡೆಯನ್ನು ಪೂರ್ತಿ ತೆಗೆಯಬೇಕು, ಇವನ್ನೂ ಉಳಿಸಬೇಕು. ಈ ಕ್ಷೇತ್ರದ ಇತಿಹಾಸವೆಲ್ಲ ಈ ಎರಡು ಬೇಡಿಕೆಗಳನ್ನು ಹೊಂದಿಸುವ ಪ್ರಯತ್ನ.

ಮೈಲ್ಸ್‌ರಿಂದ ಹೀಲ್ಡ್‌ವರೆಗೆ

1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್, ಹೊಟ್ಟೆಯಿಂದಲೂ ಕೆಳಗಿನಿಂದಲೂ ಕತ್ತರಿಸಿ ಗುದನಾಳ, ಗುದದ್ವಾರ ಎರಡನ್ನೂ ತೆಗೆಯುವ ಆಪರೇಷನ್ ವಿವರಿಸಿದರು. ಕ್ಯಾನ್ಸರ್ ಮರುಕಳಿಸುವುದು ಕಡಿಮೆಯಾಯಿತು. ಆದರೆ ರೋಗಿ ಉಳಿದ ಆಯುಸ್ಸನ್ನು ಹೊಟ್ಟೆಯ ಮೇಲಿನ ಮಲದ ಚೀಲದೊಂದಿಗೆ ಕಳೆಯಬೇಕಿತ್ತು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಕ್ಲಾಡ್ ಡಿಕ್ಸನ್, ಮೇಲ್ಭಾಗದ ಗಡ್ಡೆಗಳಲ್ಲಿ ಕರುಳನ್ನು ಮತ್ತೆ ಜೋಡಿಸಬಹುದೆಂದು ತೋರಿಸಿದರು. 1970ರ ದಶಕದ ಕೊನೆಗೆ ಬಳಕೆಗೆ ಬಂದ ದುಂಡನೆಯ ಸ್ಟೇಪ್ಲರ್, ಕೈಗೆ ಎಟುಕದ ಆಳದಲ್ಲೂ ಹೊಲಿಗೆ ಹಾಕಿಕೊಟ್ಟಿತು.

ದೊಡ್ಡ ತಿರುವು ಬಂದದ್ದು 1982ರಲ್ಲಿ, ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಬಿಲ್ ಹೀಲ್ಡ್ ಅವರಿಂದ. ಗುದನಾಳದ ಸುತ್ತ ಕೊಬ್ಬು ಮತ್ತು ದುಗ್ಧಗ್ರಂಥಿಗಳ ಒಂದು ಹೊದಿಕೆಯಿದೆ. ಕ್ಯಾನ್ಸರ್‌ನ ಕಣಗಳು ಅದರೊಳಗೆ ಉಳಿದುಹೋಗುವುದರಿಂದಲೇ ಕಾಯಿಲೆ ಮರಳುತ್ತದೆ ಎಂದು ಅವರು ವಾದಿಸಿದರು. ಹಲಸಿನ ತೊಳೆಯನ್ನು ಹರಿಯದಂತೆ ಬಿಡಿಸುವ ಹಾಗೆ, ಆ ಹೊದಿಕೆಯನ್ನು ಕಣ್ಣಾರೆ ನೋಡುತ್ತ ಇಡಿಯಾಗಿ ಬಿಡಿಸಿ ತೆಗೆಯುವುದು ಅವರ ವಿಧಾನ. ಅದೇ ದಶಕದಲ್ಲಿ, ಗಡ್ಡೆಯ ಕೆಳಗೆ 5 ಸೆಂ.ಮೀ. ಬಿಟ್ಟೇ ಕತ್ತರಿಸಬೇಕೆಂಬ ಹಳೆಯ ನಿಯಮವೂ ಸಡಿಲವಾಯಿತು. 2 ಸೆಂ.ಮೀ. ಸಾಕೆಂದಾಯಿತು, ಮುಂದೆ ಕೆಳತುದಿಯಲ್ಲಿ 1 ಸೆಂ.ಮೀ. ಕೂಡ ಒಪ್ಪಿತವಾಯಿತು. 1994ರಲ್ಲಿ ವಿಯೆನ್ನಾದ ಶೀಸೆಲ್, ಮಲ ತಡೆಯುವ ಸ್ನಾಯುಗಳಲ್ಲಿ ಒಳಗಿನದನ್ನು ತೆಗೆದು ಹೊರಗಿನದನ್ನು ಉಳಿಸುವ ವಿಧಾನ ಪ್ರಕಟಿಸಿದರು. ಗುದದ್ವಾರ ಹೋಗಲೇಬೇಕಿದ್ದ ಎಷ್ಟೋ ರೋಗಿಗಳಿಗೆ ಅದು ಉಳಿಯಿತು.

ಕ್ಯಾಮೆರಾ ಬಂದ ಮೇಲೆ

ಭಾರತದಲ್ಲಿ ಲ್ಯಾಪ್ರೋಸ್ಕೋಪಿ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ ತೂರಿಸಿ ಮಾಡುವ ಆಪರೇಷನ್, ಮೂಲಕ ಪಿತ್ತಕೋಶ ತೆಗೆಯುವುದನ್ನು 1990ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹ್ಮ್‌ಟನ್ ಉದ್ವಾಡಿಯಾ ಆರಂಭಿಸಿದರು. ಕರುಳಿನ ಕ್ಯಾನ್ಸರ್‌ಗೆ ಇದೇ ದಾರಿ ಹಿಡಿಯಲು ಜಗತ್ತಿನಾದ್ಯಂತ ಹಿಂಜರಿಕೆಯಿತ್ತು. ಬ್ರಿಟನ್ನಿನ ಕ್ಲಾಸಿಕ್ ಅಧ್ಯಯನದ 2005ರ ವರದಿಯಲ್ಲಿ, ಲ್ಯಾಪ್ರೋಸ್ಕೋಪಿಯಲ್ಲಿ ಶುರುವಾದ ಗುದನಾಳದ ಆಪರೇಷನ್‌ಗಳಲ್ಲಿ ಮೂರನೇ ಒಂದು ಪಾಲು ನಡುವೆಯೇ ಹೊಟ್ಟೆ ತೆರೆದು ಮುಗಿಸಬೇಕಾಗಿತ್ತು. 2015ರಲ್ಲಿ ಎಂಟು ದೇಶಗಳ 1044 ರೋಗಿಗಳ ಕಲರ್-2 ಅಧ್ಯಯನ ಧೈರ್ಯ ಕೊಟ್ಟಿತು: ಮೂರು ವರ್ಷದಲ್ಲಿ ಸೊಂಟದೊಳಗೆ ಕಾಯಿಲೆ ಮರಳಿದ್ದು ಲ್ಯಾಪ್ರೋಸ್ಕೋಪಿ, ತೆರೆದ ಆಪರೇಷನ್ ಎರಡೂ ಗುಂಪಿನಲ್ಲಿ ಶೇ. 5. ಕೆಳತುದಿಯ ಗಡ್ಡೆಗಳಲ್ಲಂತೂ ಲ್ಯಾಪ್ರೋಸ್ಕೋಪಿಯದು ಶೇ. 4.4, ತೆರೆದ ಆಪರೇಷನ್ನಿನದು ಶೇ. 11.7. ಅದೇ ವರ್ಷ ಅಮೆರಿಕ ಮತ್ತು ಆಸ್ಟ್ರೇಲಿಯಾದ ಎರಡು ಅಧ್ಯಯನಗಳಿಗೆ, ತೆಗೆದ ಅಂಗದ ಗುಣಮಟ್ಟದಲ್ಲಿ ಲ್ಯಾಪ್ರೋಸ್ಕೋಪಿ ತೆರೆದ ವಿಧಾನಕ್ಕೆ ಕಡಿಮೆಯಿಲ್ಲವೆಂದು ಸಾಬೀತುಪಡಿಸಲಾಗಲಿಲ್ಲ. ಈ ಚರ್ಚೆಯಿಂದ ತಿಳಿಯುವುದಿಷ್ಟೆ: ಹೊದಿಕೆ ಹರಿಯದೆ ಬಂದರೆ ಮಾತ್ರ ಸಣ್ಣ ಗಾಯಕ್ಕೆ ಬೆಲೆ.

2010ರಲ್ಲಿ ಸಿಲ್ಲಾ, ಲಾಸಿ ಮೊದಲಾದವರು ಕೆಳಗಿನಿಂದ, ಗುದದ್ವಾರದ ಮೂಲಕವೇ ಹೊದಿಕೆಯನ್ನು ಬಿಡಿಸುವ ವಿಧಾನವನ್ನು ವರದಿ ಮಾಡಿದರು. ಇಕ್ಕಟ್ಟಿನ ಸೊಂಟಕ್ಕೆ ಇದೇ ಪರಿಹಾರವೆಂಬ ಉತ್ಸಾಹ ಹರಡಿತು. ಆದರೆ ನಾರ್ವೆಯಲ್ಲಿ ಕಾಯಿಲೆ ಬೇಗನೆ, ಹಲವು ಕಡೆ ಮರಳುವುದು ಕಂಡು, 2018ರಲ್ಲಿ ಅಲ್ಲಿನ ವೈದ್ಯರು ಅದನ್ನು ನಿಲ್ಲಿಸಿದರು. ರೋಬೋಟ್ ನೆರವಿನ ಆಪರೇಷನ್ನಿನ ಕಥೆ ನಿಧಾನವಾಗಿ ಗಟ್ಟಿಯಾಯಿತು. 2017ರ ರೋಲಾರ್ ಅಧ್ಯಯನದಲ್ಲಿ ಸ್ಪಷ್ಟ ಮೇಲುಗೈ ಕಾಣಲಿಲ್ಲ. ಚೀನಾದ ರಿಯಲ್ ಅಧ್ಯಯನದ 2025ರ ವರದಿಯಲ್ಲಿ ಮಾತ್ರ, ಮೂರು ವರ್ಷದಲ್ಲಿ ಸೊಂಟದೊಳಗೆ ಮರಳಿದ್ದು ರೋಬೋಟಿನಲ್ಲಿ ಶೇ. 1.6, ಲ್ಯಾಪ್ರೋಸ್ಕೋಪಿಯಲ್ಲಿ ಶೇ. 4. ಅದು ನುರಿತ ಕೈಗಳ ಫಲಿತಾಂಶ. ಯಂತ್ರ ಕೊಂಡ ಮಾತ್ರಕ್ಕೆ ಅದು ಬರುವುದಿಲ್ಲ.

ಆಪರೇಷನ್ನಿಗೆ ಮೊದಲು

2004ರ ಜರ್ಮನ್ ಅಧ್ಯಯನದ ನಂತರ ವಿಕಿರಣ ಮತ್ತು ಕೀಮೋ ಆಪರೇಷನ್ನಿಗೆ ಮುಂಚೆಯೇ ಕೊಡುವುದು ಪದ್ಧತಿಯಾಯಿತು. ಅದೇ ವರ್ಷ ಬ್ರೆಜಿಲ್‌ನ ಡಾ. ಆಂಜೆಲಿಟಾ ಹಬ್ರ್-ಗಾಮಾ, ಈ ಚಿಕಿತ್ಸೆಯಲ್ಲೇ ಗಡ್ಡೆ ಪೂರ್ತಿ ಕರಗಿದ ಕೆಲವರನ್ನು ಆಪರೇಷನ್ ಮಾಡದೆ ಕಟ್ಟುನಿಟ್ಟಾಗಿ ಗಮನಿಸುತ್ತ ಹೋಗಬಹುದೆಂದು ತೋರಿಸಿದರು. ವಿಕಿರಣದಲ್ಲಿ ಎರಡು ಬಗೆ: ಐದು ವಾರದ್ದು ಮತ್ತು ಐದು ದಿನದ್ದು. ಯಾರಿಗೆ ಯಾವುದೆಂಬುದನ್ನು ಗಡ್ಡೆಯ ಸ್ಥಿತಿ ನಿರ್ಧರಿಸುತ್ತದೆ. ಆದರೆ ಹೊಲ, ಹಸು ಬಿಟ್ಟು ಶ್ರೀನಿವಾಸಪುರದಿಂದ ಬೆಂಗಳೂರಿಗೆ ಓಡಾಡುವ ಕುಟುಂಬಕ್ಕೆ ಈ ವ್ಯತ್ಯಾಸ ಬಹಳ ದೊಡ್ಡದು.

ಕೋಲಾರದಿಂದ ನೋಡಿದರೆ

ಈ ನಾಲ್ಕು ತಾಲ್ಲೂಕುಗಳ ಸುತ್ತ ಆಧಾರಗಳಿವೆ. ಕೋಲಾರದಲ್ಲಿ ಜಿಲ್ಲಾ ಎಸ್‌ಎನ್‌ಆರ್ ಆಸ್ಪತ್ರೆಯಿದೆ. ಟಮಕದಲ್ಲಿ 1986ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು ಮತ್ತು ಆರ್.ಎಲ್. ಜಾಲಪ್ಪ ಆಸ್ಪತ್ರೆಯಿವೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ. ಹಾಲಿನ ಸೊಸೈಟಿಯ ಸದಸ್ಯರಂಥ ಸಹಕಾರಿಗಳಿಗೆ 2003ರಲ್ಲಿ ಶುರುವಾದ ಯಶಸ್ವಿನಿ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಾಗುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗಳಿವೆ.

ಕೊರತೆ ಇರುವುದು ಮೊದಲ ಹೆಜ್ಜೆಯಲ್ಲಿ. ನಾಚಿಕೆಯಿಂದ ಹೇಳಿಕೊಳ್ಳದವರು, ಪೈಲ್ಸ್ ಬೋರ್ಡು ನೋಡಿ ಹೋಗಿ ಮುಲಾಮಿನಲ್ಲಿ ತಿಂಗಳುಗಳನ್ನು ಕಳೆಯುವವರು ಗಡ್ಡೆ ಬೆಳೆದ ಮೇಲೆ ದೊಡ್ಡಾಸ್ಪತ್ರೆ ತಲುಪುತ್ತಾರೆ. ಆಗ ಸ್ನಾಯು ಉಳಿಸುವ ಅವಕಾಶ ಕಿರಿದಾಗಿರುತ್ತದೆ. ಗುದದ್ವಾರದೊಳಗೆ ವೈದ್ಯರ ತೋರುಬೆರಳು ಏಳೆಂಟು ಸೆಂ.ಮೀ. ತಲುಪುತ್ತದೆ, ಕೆಳತುದಿಯ ಗಡ್ಡೆ ಬಹುಮಟ್ಟಿಗೆ ಅದಕ್ಕೇ ಸಿಗುತ್ತದೆ. ಭಾರತದಲ್ಲಿ ಈ ಕ್ಯಾನ್ಸರ್ ನಲವತ್ತರೊಳಗಿನವರಲ್ಲೂ ಗಣನೀಯವಾಗಿ ಕಾಣುವುದರಿಂದ, ವಯಸ್ಸು ಚಿಕ್ಕದೆಂದು ಈ ಬೆರಳಿನ ಪರೀಕ್ಷೆಯನ್ನು ಬಿಡುವಂತಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮುಗಿಯುವ, ಖರ್ಚಿಲ್ಲದ ಪರೀಕ್ಷೆ ಇದು.

ಕಾಯಿಲೆ ಖಚಿತವಾದವರು ವೈದ್ಯರನ್ನು ಧೈರ್ಯವಾಗಿ ಕೇಳಬೇಕಾದ ನಾಲ್ಕು ಪ್ರಶ್ನೆಗಳಿವೆ. ಸೊಂಟದ ಎಂಆರ್‌ಐ ಆಗಿದೆಯೇ? ವಿಕಿರಣ, ಕೀಮೋ, ಶಸ್ತ್ರಚಿಕಿತ್ಸೆ ಮೂರೂ ವಿಭಾಗದವರು ಕೂತು ಚರ್ಚಿಸಿದ್ದಾರೆಯೇ? ಈ ಆಪರೇಷನ್ನನ್ನು ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ? ಚೀಲ ಬೇಕಾದರೆ ಅದು ಕೆಲವು ತಿಂಗಳಿಗೋ, ಕಾಯಂ ಆಗಿಯೋ? ಕಾಯಂ ಚೀಲ ಬಂದರೂ ಅದು ಸೋಲಲ್ಲ. ಹಿಡಿತವಿಲ್ಲದ ಗುದದ್ವಾರಕ್ಕಿಂತ ಒಳ್ಳೆಯ ಚೀಲ ಹೊತ್ತು ಹೊಲಕ್ಕೋ ಕೆಲಸಕ್ಕೋ ಹೋಗುವುದು ಎಷ್ಟೋ ಜನರಿಗೆ ಹೆಚ್ಚು ನೆಮ್ಮದಿಯದ್ದು. ಯಾವುದನ್ನು ಆರಿಸಿಕೊಳ್ಳಬೇಕೆಂದು ತಿಳಿದು ನಿರ್ಧರಿಸುವ ಹಕ್ಕು ಮುಳಬಾಗಿಲಿನ ರೋಗಿಗೂ ಇದೆ. ಬೇಗ ತೋರಿಸಿಕೊಂಡಷ್ಟೂ ಆ ಆಯ್ಕೆ ಅವರ ಕೈಯಲ್ಲಿ ಉಳಿಯುತ್ತದೆ.